ಯಾವುದು ತುರ್ತು, ಯಾವುದು ತಡೆದೀತು?

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ದೂರದರ್ಶನದಲ್ಲಿ ಬಂದು, ಅಂದಿನ ನಡುರಾತ್ರಿಯಿಂದ 21 ದಿನ ಯಾರೂ ಮನೆಯ ಹೊಸ್ತಿಲು ದಾಟಬಾರದೆಂದು ಹೇಳಿದರು. ಇಪ್ಪತ್ತೊಂದು ದಿನವೆಂಬ ಅವಧಿ ಬಹುಪಾಲು ಜನರಿಗೆ ಅಂದು ಹೊಸದು. ಕೆಲವು ಮನೆಗಳಿಗೆ ಮಾತ್ರ ಅದು ಮೊದಲೇ ಗೊತ್ತಿದ್ದ ಲೆಕ್ಕ. ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿಯಲ್ಲಿ ಅನೇಕ ಔಷಧಿಗಳನ್ನು ಇಪ್ಪತ್ತೊಂದು ದಿನಕ್ಕೊಮ್ಮೆ ಏರಿಸುತ್ತಾರೆ. ಔಷಧಿ ಮೈಗೆ ಸೇರಿದ ಹತ್ತು ಹದಿನಾಲ್ಕು ದಿನಕ್ಕೆ ರಕ್ತದ ಬಿಳಿಕಣಗಳು ಕುಸಿಯುತ್ತವೆ, ಮೂರನೆಯ ವಾರದಲ್ಲಿ ದೇಹ ಮೆಲ್ಲಗೆ ಚೇತರಿಸಿಕೊಳ್ಳುತ್ತದೆ. ದೇಹ ಚೇತರಿಸಿಕೊಂಡಿರಬೇಕು, ರೋಗ ಇನ್ನೂ ತಲೆ ಎತ್ತಿರಬಾರದು. ಆ ಸಣ್ಣ ಸಂದಿನಲ್ಲಿ ಮುಂದಿನ ಡೋಸು ಬೀಳಬೇಕು. ಆದ್ದರಿಂದ ಅಂಥ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಮೂರು ವಾರಕ್ಕೊಂದು ಗುರುತು ಇರುತ್ತದೆ. ಅಂದು ರಾತ್ರಿ ಇಡೀ ದೇಶ ಇಪ್ಪತ್ತೊಂದು ದಿನ ಎಣಿಸಲು ಕುಳಿತಾಗ, ಈ ಮನೆಗಳ ಜನ ತಮ್ಮ ಗುರುತು ಯಾವ ತಾರೀಖಿನ ಮೇಲೆ ಬಿದ್ದಿದೆಯೆಂದು ನೋಡಿಕೊಂಡಿರಬೇಕು.

ಎಲ್ಲರ ಪ್ರಾಣ ಉಳಿಸಲೆಂದು ಮಾಡಿದ ನಿಯಮ ಕೆಲವರ ಪ್ರಾಣಕ್ಕೆ ಎರವಾದರೆ ಅದರ ಹೊಣೆ ಯಾರದು? ನಿಯಮ ತಪ್ಪೆನ್ನಲು ಬರುವುದಿಲ್ಲ. ಸೋಂಕು ಸುಳ್ಳಾಗಿರಲಿಲ್ಲ, ಭಯವೂ ಸುಳ್ಳಾಗಿರಲಿಲ್ಲ. ಆದರೆ ಒಳ್ಳೆಯ ನಿಯಮದಿಂದ ಕೆಟ್ಟದಾದವರ ಲೆಕ್ಕವನ್ನು ಯಾರಾದರೂ ಇಡಬೇಕಲ್ಲ? ಆ ಲೆಕ್ಕವನ್ನು ನಾವು ಬೆಂಗಳೂರಿನಿಂದ ಅಲ್ಲ, ರೋಣ, ನರಗುಂದ, ಗಜೇಂದ್ರಗಡಗಳಿಂದ ಆರಂಭಿಸಲು ಬಯಸುತ್ತೇವೆ.

ಈ ಮೂರೂ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಹೆರಿಗೆಯಾಗುತ್ತದೆ, ಹಾವು ಕಚ್ಚಿದವರಿಗೆ ಮದ್ದು ಸಿಗುತ್ತದೆ. ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರವಿಲ್ಲ. ಅದಕ್ಕೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು, ಇಲ್ಲವೆ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ. ನರಗುಂದದಿಂದ ಹುಬ್ಬಳ್ಳಿಗೆ ಐವತ್ತು ಚಿಲ್ಲರೆ ಕಿಲೋಮೀಟರ್, ನಡುವೆ ನವಲಗುಂದ. ಗಜೇಂದ್ರಗಡದಿಂದಾದರೆ ಗದಗದ ಮೇಲೆ ಹಾದು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನರಗುಂದಕ್ಕಾಗಲಿ ಗಜೇಂದ್ರಗಡಕ್ಕಾಗಲಿ ರೈಲಿಲ್ಲ. ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ಕೊಡುವ ರಿಯಾಯಿತಿ ಈ ಊರಿನವರಿಗೆ ಮನೆಯಿಂದ ಹೊರಡುವಾಗ ಉಪಯೋಗಕ್ಕೆ ಬರುವುದಿಲ್ಲ. ಅವರ ಪಾಲಿಗೆ ಆಸ್ಪತ್ರೆಯೆಂದರೆ ಬಸ್ಸು. ಮುಂಜಾನೆಯ ಬಸ್ಸು ಹತ್ತಿ, ಚಿಕಿತ್ಸೆ ಪಡೆದು, ಕಿಟಕಿಗೆ ತಲೆಯಾನಿಸಿ ವಾಂತಿ ತಡೆದುಕೊಳ್ಳುತ್ತ ಸಂಜೆಯ ಬಸ್ಸಿಗೆ ಹಿಂತಿರುಗುವುದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡೋಣ. 1997ರವರೆಗೆ ಈ ಊರುಗಳೂ ಹುಬ್ಬಳ್ಳಿಯೂ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಆ ವರ್ಷ ಗದಗ ಬೇರೆ ಜಿಲ್ಲೆಯಾಯಿತು. ಕಚೇರಿ ಹತ್ತಿರವಾಯಿತೆಂದು ಜನ ಸಂತೋಷಪಟ್ಟರು, ಅದು ಸಹಜ. ಆದರೆ 2020ರಲ್ಲಿ ಜಿಲ್ಲೆಯ ಗಡಿಗಳಿಗೆ ಬ್ಯಾರಿಕೇಡು ಬಿದ್ದಾಗ, ನರಗುಂದಕ್ಕೂ ನವಲಗುಂದಕ್ಕೂ ನಡುವೆ ಎಂದೋ ಕಾಗದದ ಮೇಲೆ ಎಳೆದಿದ್ದ ಗೆರೆ ರಸ್ತೆಯ ಮೇಲೆ ಎದ್ದು ನಿಂತಿತು. ರೋಗಿ ಈಚೆಗೆ, ಆಸ್ಪತ್ರೆ ಆಚೆಗೆ.

ಕಥೆ ಬರೆಯುವ ನಮಗೆ ಅಂಕಿಸಂಖ್ಯೆಗಿಂತ ಮೊದಲು ಒಂದು ಮುಖ ಬೇಕಾಗುತ್ತದೆ. ಆದ್ದರಿಂದ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಗಜೇಂದ್ರಗಡದವಳು, ನಲವತ್ತು ದಾಟಿದವಳು. ಗಂಡ ಮಗ್ಗದ ಮೇಲೆ ಕೂರುತ್ತಾನೆ, ಇವಳು ಕಂಡಿಕೆ ಸುತ್ತುತ್ತಾಳೆ. ಎದೆಯ ಗಂಟಿಗೆ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಗಿದೆ, ಕೀಮೋದ ಮೊದಲ ಡೋಸು ಮಾರ್ಚ್ ಎರಡನೆಯ ವಾರದಲ್ಲಿ. ಎರಡನೆಯದು ಏಪ್ರಿಲ್ ಮೊದಲ ವಾರಕ್ಕೆ. ಮಗ್ಗ ನಿಂತಿದೆ, ಕೂಲಿ ನಿಂತಿದೆ. ಆಸ್ಪತ್ರೆಯ ಖರ್ಚಿಗೆ ಬಿಪಿಎಲ್ ಕಾರ್ಡಿದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಚಿತ. ಆದರೆ ಯೋಜನೆ ಆಸ್ಪತ್ರೆಯ ಬಾಗಿಲಿನಿಂದ ಒಳಗೆ ಆರಂಭವಾಗುತ್ತದೆ. ಆ ಬಾಗಿಲಿನ ತನಕದ ನೂರು ಕಿಲೋಮೀಟರ್ ರೋಗಿಯ ಸ್ವಂತ ಜವಾಬ್ದಾರಿ.

ಹಾಗಾದರೆ ಸರ್ಕಾರ ಅವಳನ್ನು ಹೋಗಬೇಡವೆಂದಿತೇ? ಇಲ್ಲ. ವೈದ್ಯಕೀಯ ಕಾರಣಕ್ಕೆ ಓಡಾಡಲು ವಿನಾಯಿತಿ ಮೊದಲ ದಿನದಿಂದಲೂ ಇತ್ತು. ಏಪ್ರಿಲ್ 14ರಂದು ಕೇಂದ್ರದ ಆರೋಗ್ಯ ಇಲಾಖೆ ಹೊರಡಿಸಿದ ಮಾರ್ಗಸೂಚಿ ಅಗತ್ಯ ಸೇವೆಗಳನ್ನು ನಿಲ್ಲಿಸಬಾರದೆಂದು ಹೇಳಿತು. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಗಳು ಅದರಲ್ಲಿದ್ದವು. ಅರ್ಜಿ ಹಾಕಿದರೆ ಪಾಸು ಸಿಗುತ್ತಿತ್ತು. ಸ್ವಂತ ಕಾರು ಇದ್ದವರು ಆ ಪಾಸನ್ನು ಗಾಜಿಗೆ ಅಂಟಿಸಿಕೊಂಡು ಹೋಗಿ ಬಂದರು. ನಮ್ಮ ಕಂಡಿಕೆ ಸುತ್ತುವವಳ ಕೈಗೂ ಒಂದು ಪಾಸು ಸಿಕ್ಕಿತೆನ್ನೋಣ. ಅದನ್ನು ಅಂಟಿಸಲು ಅವಳಿಗೆ ಗಾಜು ಬೇಕು. ಬಾಡಿಗೆ ಕಾರಿನವನು ಕೇಳುವ ಹಣ ಮಗ್ಗದ ಎರಡು ವಾರದ ಕೂಲಿಗಿಂತ ಹೆಚ್ಚು, ಅದೂ ಮಗ್ಗ ನಡೆಯುವ ಕಾಲದ ಕೂಲಿ.

ನಮ್ಮ ಕಾಲದ ನ್ಯಾಯ ಎಡವುವುದು ಇಲ್ಲಿಯೇ ಎಂದು ನಮಗೆ ಅನ್ನಿಸುತ್ತದೆ. ಅನುಮತಿ ಕೊಟ್ಟರೆ ಹಕ್ಕು ಕೊಟ್ಟಂತಾಯಿತೆಂದು ನಾವು ತಿಳಿಯುತ್ತೇವೆ. ಹೋಗಬಹುದು ಎನ್ನುವುದಕ್ಕೂ ಹೋಗಲು ಸಾಧ್ಯ ಎನ್ನುವುದಕ್ಕೂ ನಡುವೆ ಇರುವ ಅಂತರ ಬಡವರ ಕಾಲಿಗಷ್ಟೇ ಗೊತ್ತು. ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಆದರೆ ವಿನಾಯಿತಿ ಮಾತ್ರ ಗಾಡಿ ಇದ್ದವರ ಮನೆಗೆ ಹೋಯಿತು. ಎಲ್ಲರಿಗೂ ಬಿಗಿಯಾದ ನಿಯಮ ಒಂದು ಬಗೆಯಲ್ಲಿ ಸಮಾನವಾದದ್ದು. ಉಳ್ಳವರು ಮಾತ್ರ ಬಳಸಬಹುದಾದ ವಿನಾಯಿತಿ ಸೇರಿಕೊಂಡಾಗ ಆ ಸಮಾನತೆ ಮೋಸವಾಗುತ್ತದೆ.

ತುರ್ತು ಎಂಬ ಶಬ್ದವನ್ನು ಸ್ವಲ್ಪ ಬಿಡಿಸಿ ನೋಡಬೇಕು. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅಪಘಾತಕ್ಕೆ, ಎದೆನೋವಿಗೆ, ಹೆರಿಗೆ ಬೇನೆಗೆ. ಕೀಮೋ ತಾರೀಖು ಬಂದ ಹೆಂಗಸು ಅಂದು ಬೆಳಿಗ್ಗೆ ಎದ್ದು ಕಸ ಗುಡಿಸಿರುತ್ತಾಳೆ, ರೊಟ್ಟಿ ಬಡಿದಿರುತ್ತಾಳೆ. ಅವಳನ್ನು ನೋಡಿ ಯಾರೂ ತುರ್ತು ಎನ್ನುವುದಿಲ್ಲ. ಅಂದು ಹೋಗದಿದ್ದರೆ ಅಂದೇ ಏನೂ ಆಗುವುದಿಲ್ಲ. ಉರ್ದುವಿನಲ್ಲಿ ಈ ರೋಗಕ್ಕೆ ಸರತಾನ್ ಎನ್ನುತ್ತೇವೆ, ಅರ್ಥ ಏಡಿ. ಕನ್ನಡದಲ್ಲಿಯೂ ಏಡಿಗಂತಿ ಎಂಬ ಮಾತಿದೆ. ಏಡಿ ಓಡಿ ಬಂದು ಕಚ್ಚುವ ಪ್ರಾಣಿಯಲ್ಲ, ಸರಿದು ಸರಿದು ಬರುವಂಥದ್ದು. ನಮ್ಮ ತುರ್ತಿನ ಕಲ್ಪನೆ ಓಡುವುದನ್ನು ಮಾತ್ರ ಗುರುತಿಸುತ್ತದೆ, ಸರಿಯುವುದನ್ನು ಗುರುತಿಸುವುದಿಲ್ಲ.

ಇಸ್ಲಾಮೀ ಶಾಸ್ತ್ರಕಾರರು, ಮುಖ್ಯವಾಗಿ ಗಜಾಲಿ ಮತ್ತು ಶಾತಿಬಿ, ಮನುಷ್ಯನ ಅಗತ್ಯಗಳನ್ನು ಮೂರು ಮೆಟ್ಟಿಲುಗಳಲ್ಲಿ ಇಟ್ಟರು. ಇಲ್ಲದಿದ್ದರೆ ಬದುಕೇ ನಿಲ್ಲುವಂಥವು ಜರೂರಿಯಾತ್. ಇಲ್ಲದಿದ್ದರೆ ಬದುಕು ಕಷ್ಟವಾಗುವಂಥವು ಹಾಜಿಯಾತ್. ಬದುಕಿಗೆ ಅಂದ ತರುವಂಥವು ತಹ್ಸೀನಿಯಾತ್. ಪ್ರಾಣರಕ್ಷಣೆ ಮೊದಲ ಮೆಟ್ಟಿಲಿನದು. ಲಾಕ್‌ಡೌನಿನಲ್ಲಿ ಸರ್ಕಾರಗಳೂ ಇಂಥದೇ ವಿಂಗಡಣೆಗೆ ಕೈಹಾಕಿದವು: ಯಾವುದು ಅಗತ್ಯ, ಯಾವುದು ತಡೆದೀತು. ಕಾಗದದ ಮೇಲೆ ಕ್ಯಾನ್ಸರ್ ಮೊದಲ ಮೆಟ್ಟಿಲಿನಲ್ಲಿತ್ತು. ನೆಲದ ಮೇಲೆ ನಡೆದದ್ದನ್ನು ಎರಡು ತಾರೀಖುಗಳು ಹೇಳುತ್ತವೆ. ಕರ್ನಾಟಕದಲ್ಲಿ ಮದ್ಯದಂಗಡಿಗಳು ತೆರೆದದ್ದು 2020ರ ಮೇ 4ರಂದು. ಮೊದಲ ದಿನವೇ 45 ಕೋಟಿ ರೂಪಾಯಿಯ ವ್ಯಾಪಾರವಾಯಿತೆಂದು ಪತ್ರಿಕೆಗಳು ಬರೆದವು. ಜಿಲ್ಲೆಯಿಂದ ಜಿಲ್ಲೆಗೆ ಸರ್ಕಾರಿ ಬಸ್ಸುಗಳು ಮತ್ತೆ ಓಡಿದ್ದು ಮೇ 19ರಂದು. ಖಜಾನೆ ಬರಿದಾಗಿತ್ತು, ಒಪ್ಪೋಣ. ಆದರೆ ರೋಗಿಗಳ ಬಸ್ಸು ಆ ಸಾಲಿನಲ್ಲಿ ಹಿಂದೆ ನಿಂತಿತೆಂಬುದನ್ನೂ ಒಪ್ಪಬೇಕಾಗುತ್ತದೆ.

ಮಾರ್ಚ್ ಕೊನೆಯ ವಾರದಿಂದ ಮೇ 19ರವರೆಗೆ ಎಣಿಸಿದರೆ ಸುಮಾರು ಎಂಟು ವಾರ. ಹಳ್ಳಿಯ ಹೆಂಗಸರನ್ನು ಹೆಚ್ಚಾಗಿ ಹಿಡಿಯುವ ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯನ್ನು ಆರಂಭಿಸಿದ ಮೇಲೆ ಎಂಟು ವಾರದೊಳಗೆ ಮುಗಿಸಬೇಕೆಂಬುದು ವೈದ್ಯಶಾಸ್ತ್ರದ ನಿಯಮ. ನಡುವೆ ನಿಂತು ಎಳೆದಷ್ಟೂ ರೋಗ ಹಿಡಿತಕ್ಕೆ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಮಾರ್ಚ್ ಮಧ್ಯದಲ್ಲಿ ಆ ಚಿಕಿತ್ಸೆ ಆರಂಭಿಸಿ, ಹುಬ್ಬಳ್ಳಿಯಲ್ಲಿ ಉಳಿಯಲು ಜಾಗವಿಲ್ಲದೆ ಊರಿಗೆ ಬಂದು ಸಿಕ್ಕಿಬಿದ್ದವಳಿಗೆ ಇಡೀ ಅವಧಿ ಬಸ್ಸಿಲ್ಲದೆ ಕಳೆದುಹೋಯಿತು.

ಹಾಗೆಂದು ಎಲ್ಲ ತಡವೂ ಅನ್ಯಾಯವೆಂದು ನಾವು ವಾದಿಸುವುದಿಲ್ಲ. ಕೀಮೋ ಪಡೆದ ದೇಹಕ್ಕೆ ಸೋಂಕು ತಡೆಯುವ ಶಕ್ತಿ ಇರುವುದಿಲ್ಲ. ತುಂಬಿದ ಆಸ್ಪತ್ರೆಗೆ ಕರೆದೊಯ್ದರೆ ಕ್ಯಾನ್ಸರಿಗಿಂತ ಮೊದಲು ಕೊರೊನಾ ಕೊಲ್ಲಬಹುದಿತ್ತು. ಆ ದಿನಗಳಲ್ಲಿ ಅನೇಕ ವೈದ್ಯರು ಬೇಕೆಂದೇ ಕೆಲವರ ಚಿಕಿತ್ಸೆಯನ್ನು ಮುಂದೂಡಿದರು, ಡೋಸುಗಳ ನಡುವಿನ ಅಂತರ ಹೆಚ್ಚಿಸಿದರು, ಕೆಲವರಿಗೆ ಸೂಜಿಯ ಬದಲು ಮನೆಯಲ್ಲೇ ನುಂಗುವ ಮಾತ್ರೆ ಕೊಟ್ಟು ಕಾಲ ತಳ್ಳಿದರು. ವಯಸ್ಸಾದವರಿಗೆ, ನಿಧಾನವಾಗಿ ಬೆಳೆಯುವ ರೋಗದವರಿಗೆ ಅದು ಸರಿಯಾದ ತೀರ್ಮಾನವೇ. ಇತ್ತ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ಮುಚ್ಚದೆ ಚಿಕಿತ್ಸೆ ಮುಂದುವರಿಸಿತು. ಅದರ ಮುಖ್ಯಸ್ಥರಾದ ಡಾ. ಪ್ರಮೇಶ್ ಮತ್ತು ಡಾ. ಬಡ್ವೆಯವರು ಆ ನಿರ್ಧಾರದ ಬಗ್ಗೆ ಅಮೆರಿಕದ ವೈದ್ಯಪತ್ರಿಕೆಯೊಂದಕ್ಕೆ ಬರೆದರು. ಭಾರತದಲ್ಲಿ ವರ್ಷಕ್ಕೆ ಏಳೂವರೆ ಲಕ್ಷಕ್ಕೂ ಹೆಚ್ಚು ಜನ ಕ್ಯಾನ್ಸರಿನಿಂದ ಸಾಯುತ್ತಾರೆ, ಕೊರೊನಾ ಬಂತೆಂದು ಆ ಸಾವು ರಜೆ ಹಾಕುವುದಿಲ್ಲ.

ಮುಂದೂಡಿದ್ದೂ ಸರಿ, ಮುಂದುವರಿಸಿದ್ದೂ ಸರಿ ಎನ್ನುವುದು ವಿರೋಧವಲ್ಲ. ಎರಡೂ ಕಡೆ ಒಬ್ಬ ರೋಗಿಯ ಕಡತ ಬಿಚ್ಚಿ, ಅವಳ ವಯಸ್ಸು, ರೋಗದ ಹಂತ, ಅಪಾಯ ತೂಗಿ, ಅವಳಿಗೆ ತಿಳಿಸಿ ತೀರ್ಮಾನಿಸಲಾಯಿತು. ಗಜೇಂದ್ರಗಡದವಳ ವಿಷಯದಲ್ಲಿ ಯಾರೂ ತೂಗಲಿಲ್ಲ. ಅವಳ ಚಿಕಿತ್ಸೆಯನ್ನು ಮುಂದೂಡಿದ್ದು ಬಸ್ ಡಿಪೋ. ದಿನಗಳ ಲೆಕ್ಕದಲ್ಲಿ ಇಬ್ಬರಿಗೂ ಆದ ತಡ ಒಂದೇ ಇರಬಹುದು, ಆದರೆ ಒಂದು ವೈದ್ಯರ ವಿವೇಕ, ಇನ್ನೊಂದು ಬರೀ ಅಲಕ್ಷ್ಯ.

ಹೀಗೆ ಎಷ್ಟು ಜನ? ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕವನ್ನು ಕಲೆಹಾಕಿದ ಒಂದು ಅಧ್ಯಯನ 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಪ್ರಕಟವಾಯಿತು. 2020ರ ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ತಿಂಗಳುಗಳೊಂದಿಗೆ ಹೋಲಿಸಿದಾಗ ಹೊಸ ರೋಗಿಗಳ ನೋಂದಣಿ ನೂರಕ್ಕೆ 54ರಷ್ಟು ಕುಸಿದಿತ್ತು. ದೊಡ್ಡ ಶಸ್ತ್ರಚಿಕಿತ್ಸೆಗಳು 49ರಷ್ಟು, ಕೀಮೋಗೆಂದು ಬಂದು ಹೋಗುವವರು 37ರಷ್ಟು ಕಡಿಮೆಯಾಗಿದ್ದರು. ಅರ್ಧಕ್ಕಿಂತ ಹೆಚ್ಚು ಹೊಸ ರೋಗಿಗಳು ಬರಲೇ ಇಲ್ಲವೆಂದರೆ, ಆ ಮೂರು ತಿಂಗಳು ದೇಶದಲ್ಲಿ ಕ್ಯಾನ್ಸರ್ ಅರ್ಧವಾಯಿತೆಂದಲ್ಲ. ಅವರು ಗಂಟನ್ನು ಕೈಯಲ್ಲಿ ಮುಟ್ಟಿ ನೋಡಿಕೊಳ್ಳುತ್ತ ಮನೆಯಲ್ಲಿ ಕುಳಿತಿದ್ದರು. ಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ನೂರಕ್ಕೆ 6ರಿಂದ 13ರಷ್ಟು ಏರುತ್ತದೆಂದು 2020ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳಿತ್ತು. ಆಗ ಪ್ರತಿ ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಬರುತ್ತಿತ್ತು, ಸೋಂಕಿತರಿಗೆ ಸಂಖ್ಯೆ, ಸತ್ತವರಿಗೆ ಸಂಖ್ಯೆ. ಎರಡು ವರ್ಷದ ನಂತರ, ತಡವಾದ ಕಾರಣಕ್ಕೇ ಸತ್ತವರು ಯಾವ ಬುಲೆಟಿನ್ನಿನಲ್ಲಿಯೂ ಬರಲಿಲ್ಲ. ಅವರ ಮರಣ ಪತ್ರದಲ್ಲಿ ಕ್ಯಾನ್ಸರ್ ಎಂದಷ್ಟೇ ಬರೆದಿರುತ್ತದೆ.

ಸಾಂಕ್ರಾಮಿಕ ಬಂದಾಗ ಓಡಾಟ ತಡೆಯುವುದು ಹೊಸ ವಿಚಾರವೇನಲ್ಲ. ಪಿಡುಗು ಇದ್ದ ಊರಿಗೆ ಹೋಗಬೇಡಿ, ಅಲ್ಲಿದ್ದರೆ ಬಿಟ್ಟು ಬರಬೇಡಿ ಎಂಬ ಪ್ರವಾದಿವರ್ಯರ ಬೋಧನೆಯನ್ನು 2020ರಲ್ಲಿ ಮುಸ್ಲಿಮೇತರ ಬರಹಗಾರರೂ ನೆನಪಿಸಿದರು. ಆದರೆ ಅದರೊಂದಿಗೆ ಸೇರಿಕೊಂಡಿರುವ ಚರಿತ್ರೆಯನ್ನು ಹೆಚ್ಚು ಜನ ಹೇಳಲಿಲ್ಲ. ಕ್ರಿ.ಶ. 639ರಲ್ಲಿ ಸಿರಿಯಾದಲ್ಲಿ ಅಮ್ವಾಸ್ ಪಿಡುಗು ಹಬ್ಬಿದ ಸುದ್ದಿ ದಾರಿಯಲ್ಲಿದ್ದ ಖಲೀಫ ಉಮರ್‌ರವರಿಗೆ ತಲುಪಿದಾಗ ಅವರು ಒಮ್ಮೆಗೇ ಆಜ್ಞೆ ಹೊರಡಿಸಲಿಲ್ಲ. ಮೊದಲು ಮುಹಾಜಿರರನ್ನು ಕರೆದು ಕೇಳಿದರು, ಬಳಿಕ ಅನ್ಸಾರರನ್ನು, ಬಳಿಕ ಕುರೈಶರ ಹಿರಿಯರನ್ನು. ಭಿನ್ನಾಭಿಪ್ರಾಯಗಳನ್ನು ಕೇಳಿಸಿಕೊಂಡರು. ಆಮೇಲೆ ಹಿಂತಿರುಗುವ ನಿರ್ಧಾರ. ವಿಧಿಯಿಂದ ಓಡುತ್ತಿದ್ದೀರಾ ಎಂದು ಎದುರು ಕೇಳಿದ ಅಬೂ ಉಬೈದಾರಿಗೂ ಉತ್ತರ ಕೊಟ್ಟರು. ನಮ್ಮಲ್ಲಿ ಘೋಷಣೆಗೂ ಜಾರಿಗೂ ನಡುವೆ ನಾಲ್ಕು ಗಂಟೆ ಇತ್ತು. ಆ ನಾಲ್ಕು ಗಂಟೆಯಲ್ಲಿ ಒಬ್ಬ ಕ್ಯಾನ್ಸರ್ ವೈದ್ಯನನ್ನೋ ಒಬ್ಬ ಡಿಪೋ ಮ್ಯಾನೇಜರನನ್ನೋ ಕೂರಿಸಿ ಕೇಳಲು ಸಮಯವಿರಲಿಲ್ಲ.

ಕೈಯಲ್ಲಿದ್ದ ಕಾನೂನೂ ಅಂಥದೇ. ಮುಂಬಯಿಯ ಪ್ಲೇಗಿನ ಕಾಲಕ್ಕೆ ಬ್ರಿಟಿಷರು ಅವಸರದಲ್ಲಿ ಬರೆದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಕಲಮುಗಳು. ಅಧಿಕಾರಿ ಏನೇನು ತಡೆಯಬಹುದು, ಮೀರಿದವರಿಗೆ ಏನು ಶಿಕ್ಷೆ ಎಂಬುದು ಅದರಲ್ಲಿತ್ತು. ತಡೆಯಲ್ಪಟ್ಟವನಿಗೆ ಏನು ಕೊಡಬೇಕೆಂಬ ಮಾತು ಅದರಲ್ಲಿರಲಿಲ್ಲ. ಮುಂದಿನ ವರ್ಷವೇ ಪ್ಲೇಗ್ ಹುಬ್ಬಳ್ಳಿ ಧಾರವಾಡಕ್ಕೆ ಬಂತು, ಹುಬ್ಬಳ್ಳಿಯಲ್ಲಿ ಹಾಫ್ಕಿನ್‌ರವರ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿದರು. ಆ ಕಾಲದ ಕಾಯ್ದೆಯನ್ನೇ 2020ರಲ್ಲಿ ನಮ್ಮ ರಾಜ್ಯವೂ ಹೊರತೆಗೆಯಿತು. ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯಿಂದ ಅದಕ್ಕೆ ತಿದ್ದುಪಡಿಯಾದದ್ದು ವೈದ್ಯರು, ದಾದಿಯರ ಮೇಲೆ ಹಲ್ಲೆ ಮಾಡುವವರನ್ನು ಶಿಕ್ಷಿಸಲು. ಅದು ಬೇಕಾಗಿತ್ತು. ಆದರೆ ಬೇರೆ ರೋಗದವರ ಹಕ್ಕು ಅಲ್ಲಿಯೂ ಸೇರಲಿಲ್ಲ.

ಅದೇ ಏಪ್ರಿಲ್‌ನಲ್ಲಿ ನಮ್ಮ ಪ್ರಾಂತದವರು ಹೆಮ್ಮೆಯಿಂದ ಹೇಳಿಕೊಂಡ ಒಂದು ಘಟನೆ ನಡೆಯಿತು. ಧಾರವಾಡದ ಕ್ಯಾನ್ಸರ್ ರೋಗಿಯೊಬ್ಬರಿಗೆ ಬೆಂಗಳೂರಿನಿಂದ ಬರಬೇಕಾದ ಔಷಧಿ ಬಂದಿರಲಿಲ್ಲ. ಟಿವಿಯಲ್ಲಿ ಅದನ್ನು ಕಂಡ ಬೆಂಗಳೂರಿನ ಹೆಡ್ ಕಾನ್‌ಸ್ಟೆಬಲ್ ಎಸ್. ಕುಮಾರಸ್ವಾಮಿಯವರು ಮೇಲಧಿಕಾರಿಯ ಒಪ್ಪಿಗೆ ಪಡೆದು, ತಮ್ಮ ಸ್ಕೂಟರಿನಲ್ಲೇ ಸುಮಾರು 430 ಕಿಲೋಮೀಟರ್ ಹೋಗಿ ಔಷಧಿ ಮುಟ್ಟಿಸಿ ಬಂದರು. ಪೊಲೀಸ್ ಆಯುಕ್ತರು ಅವರನ್ನು ಸನ್ಮಾನಿಸಿದರು. ನಾವೂ ಮನಸ್ಸಿನಲ್ಲೇ ಸಲಾಮು ಹೇಳಿದೆವು, ಇಂದಿಗೂ ಹೇಳುತ್ತೇವೆ. ಆದರೂ ಸನ್ಮಾನದ ಫೋಟೋ ನೋಡುವಾಗ ಒಂದು ಮಾತು ಮನಸ್ಸನ್ನು ಕೊರೆಯದೆ ಬಿಡಲಿಲ್ಲ. ಒಬ್ಬ ರೋಗಿಗೆ ಔಷಧಿ ತಲುಪಲು ಒಬ್ಬ ಅಸಾಮಾನ್ಯ ಮನುಷ್ಯ ಬೇಕಾಯಿತೆಂದರೆ, ಟಿವಿಯಲ್ಲಿ ಕಾಣಿಸಿಕೊಳ್ಳದ ಉಳಿದ ರೋಗಿಗಳ ಪಾಲಿಗೆ ಏನಿತ್ತು? ಕುಮಾರಸ್ವಾಮಿಯವರ ಕರುಣೆ ಅವರ ಸ್ವಂತದ್ದು, ಅದರ ಪುಣ್ಯವೂ ಅವರದೇ. ವ್ಯವಸ್ಥೆ ಆ ಪುಣ್ಯವನ್ನು ತನ್ನ ಖಾತೆಗೆ ಜಮಾ ಮಾಡಿಕೊಳ್ಳಬಾರದು.

ಕರುಣೆಗೆ ಬೆನ್ನು ತಿರುಗಿಸಿದವರೂ ಇದ್ದರು. 2020ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಮೀರತ್‌ನ ಖಾಸಗಿ ಆಸ್ಪತ್ರೆಯೊಂದು, ಮುಸ್ಲಿಮರು ಕೊರೊನಾ ಇಲ್ಲವೆಂಬ ಪರೀಕ್ಷೆಯ ವರದಿ ತಂದರೆ ಮಾತ್ರ ಸೇರಿಸಿಕೊಳ್ಳುತ್ತೇವೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಅದು ಕ್ಯಾನ್ಸರ್ ಆಸ್ಪತ್ರೆ. ಮೊಕದ್ದಮೆ ದಾಖಲಾಯಿತು, ಆಸ್ಪತ್ರೆ ಕ್ಷಮೆಯನ್ನೂ ಪ್ರಕಟಿಸಿತು. ನಮ್ಮ ಕಡೆಯೂ ತಬ್ಲೀಗ್ ಹೆಸರಿನ ವದಂತಿಗಳು ಹಬ್ಬಿದವು. ಅದೇ ತಿಂಗಳ ಆರಂಭದಲ್ಲಿ ಬೆಂಗಳೂರಿನ ಒಂದು ಮುಸ್ಲಿಮ್ ಬಡಾವಣೆಯಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರನ್ನು ತಡೆದು ಪೀಡಿಸಿದ್ದೂ ನಡೆಯಿತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಭಯಕ್ಕೆ ಭಯ ಉತ್ತರ ಕೊಟ್ಟಾಗ ಸೋತವರು ಯಾರು? ಆಸ್ಪತ್ರೆಯ ಮೆಟ್ಟಿಲಲ್ಲಿ ತಮ್ಮ ಹೆಸರು ಹೇಳಲು ಅಂಜಿದ ರೋಗಿಗಳು.

ಎಲ್ಲ ತಡವನ್ನೂ ಸರ್ಕಾರದ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ಮನೆಗಳ ಹೆಣ್ಣುಮಕ್ಕಳು ಲಾಕ್‌ಡೌನಿಗಿಂತ ಮೊದಲೂ ಲಾಕ್‌ಡೌನಿನಲ್ಲೇ ಇದ್ದರು. ಗಂಟು ಕಂಡ ದಿನ ಬಾಯಿ ಬಿಡುವುದಿಲ್ಲ. ಮಗಳ ಮದುವೆ ಮುಗಿಯಲಿ, ಕಡಲೆ ಒಕ್ಕಣೆ ಮುಗಿಯಲಿ, ರಂಜಾನ್ ಕಳೆಯಲಿ, ಕಾಲಕಾಲೇಶ್ವರನ ಜಾತ್ರೆ ಕಳೆಯಲಿ. ಗಂಡಸಿಗೆ ಬಾಯಿಯ ಹುಣ್ಣಾದರೆ ಗುಟ್ಕಾ ಬಿಡುತ್ತಾನೋ ಇಲ್ಲವೋ, ಡಾಕ್ಟರ ಹತ್ತಿರವಂತೂ ಬೇಗ ಹೋಗುತ್ತಾನೆ. ಹೆಂಗಸಿಗೆ ಬಿಳಿ ಹೋಗುವುದು, ರಕ್ತ ಹೋಗುವುದು ಮಾತನಾಡುವ ವಿಷಯವೇ ಅಲ್ಲ. ಕೊನೆಗೆ ಧೈರ್ಯ ಮಾಡಿ ಹೇಳಿದರೆ ‘ಈ ಗದ್ಲ ಮುಗೀಲಿ ತಡಿ, ಆಮ್ಯಾಲೆ ನೋಡೂಣು’ ಎಂಬ ಉತ್ತರ. 2020ರಲ್ಲಿ ಆ ಗದ್ದಲಕ್ಕೆ ಕೊರೊನಾ ಎಂಬ ಗಟ್ಟಿಯಾದ ಹೆಸರು ಸಿಕ್ಕಿತು, ಅಷ್ಟೇ. ಮೊದಲು ಮನೆಯವರು ತಡಿ ಎನ್ನುತ್ತಿದ್ದರು. ಆಗ ದೇಶವೇ ತಡಿ ಎಂದಿತು. ಕಾಯಲು ಕಲಿತವಳಿಗೆ ಎರಡೂ ಒಂದೇ ದನಿಯಲ್ಲಿ ಕೇಳಿಸಿರಬೇಕು. ಬ್ಯಾರಿಕೇಡು ಮೇ ತಿಂಗಳಲ್ಲಿ ಸರಿಯಿತು, ಮನೆಯೊಳಗಿನದು ಸರಿಯಿತೋ ಇಲ್ಲವೋ ನೋಡಿದವರಿಲ್ಲ.

ಎರಡನೆಯ ಅಲೆಯ ಹೊತ್ತಿಗಾದರೂ ಬುದ್ಧಿ ಬಂದಿತ್ತೇ? 2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ. ಬೇಡಿಕೆಗಳು ನ್ಯಾಯವಾದವೇ, ಆದರೆ ಎರಡು ವಾರ ಬಸ್ಸಿಲ್ಲ. ಮುಷ್ಕರ ಮುಗಿದ ಒಂದು ವಾರಕ್ಕೆ, ಏಪ್ರಿಲ್ 27ರಿಂದ ಮತ್ತೆ ಕರ್ಫ್ಯೂ, ಮತ್ತೆ ಬಸ್ಸಿಲ್ಲ. ಈ ಸಲ ದಾರಿಯೊಂದೇ ಅಲ್ಲ, ಹಾಸಿಗೆಯೂ ಇರಲಿಲ್ಲ. ಹುಬ್ಬಳ್ಳಿಯ ಕಿಮ್ಸ್ ಕೊರೊನಾ ರೋಗಿಗಳಿಂದ ತುಂಬಿತ್ತು. ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತ ಮೇಲೆ, ಕ್ಯಾನ್ಸರಿನ ತಾರೀಖು ತಪ್ಪಿತೆಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ಆದರೆ ದೊಡ್ಡ ನೋವಿನ ಎದುರು ಸಣ್ಣದೆನಿಸಿದ ನೋವು ತಾನಾಗಿ ಸಣ್ಣದಾಗುವುದಿಲ್ಲ, ಸುಮ್ಮನಾಗುತ್ತದೆ ಮಾತ್ರ.

ಈಗ ಕೆಲವು ಬದಲಾವಣೆಗಳಾಗಿವೆ. 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ, ಹುಬ್ಬಳ್ಳಿಗೆ ಹೋಗಿ ಬರುವ ಖರ್ಚಿಗೆ ಗಂಡನ ಕೈ ನೋಡಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವಂಥ ಕೀಮೋ ಕೇಂದ್ರಗಳನ್ನು ಆರಂಭಿಸಿತು. ಒಳ್ಳೆಯದೇ. ವಿಕಿರಣಕ್ಕೆ ಮಾತ್ರ ಈಗಲೂ ದೊಡ್ಡ ಊರಿಗೇ ಹೋಗಬೇಕು.

ಇನ್ನೊಂದು ಸಂಗತಿ ನಮ್ಮ ಮನಸ್ಸಿನಿಂದ ಇಳಿಯುತ್ತಿಲ್ಲ. 2020ರ ಬೇಸಿಗೆಯಲ್ಲಿ ಆಶಾ ಕಾರ್ಯಕರ್ತೆಯರು ರಾಜ್ಯದ ಮನೆಮನೆಗೆ ಹೋದರು. ವಯಸ್ಸಾದವರು ಯಾರು, ಗರ್ಭಿಣಿಯರು ಯಾರು, ಬೇರೆ ಕಾಯಿಲೆ ಇದ್ದವರು ಯಾರು ಎಂದು ಬರೆದುಕೊಂಡರು. ಅಂದರೆ ಗಜೇಂದ್ರಗಡದ ಆ ಕಂಡಿಕೆ ಸುತ್ತುವವಳಂಥವರ ಹೆಸರುಗಳು ಸರ್ಕಾರದ ಕೈಯಲ್ಲಿ ಇದ್ದವು. ಪಟ್ಟಿ ಮಾಡಿದ್ದು ಕೊರೊನಾ ಬಂದರೆ ಇವರಿಗೆ ಹೆಚ್ಚು ಅಪಾಯ, ಹೊರಗೆ ಬಿಡಬಾರದು ಎಂಬ ಕಾಳಜಿಯಿಂದ. ಬಾಗಿಲಲ್ಲಿ ನಿಂತವಳು ಕೇಳುವ, ಒಳಗಿದ್ದವಳು ಹೇಳುವ ಆ ಮಾತುಕತೆಗೆ ಇನ್ನೆರಡು ಪ್ರಶ್ನೆ ಸೇರಿಸಿದ್ದರೆ ಸಾಕಾಗಿತ್ತು: ನಿಮ್ಮ ಮುಂದಿನ ತಾರೀಖು ಯಾವಾಗ ಅಕ್ಕಾ, ಯಾವ ಊರಿಗೆ ಹೋಗಬೇಕು? ರೋಣದ ಡಿಪೋದಿಂದ ವಾರಕ್ಕೆರಡು ಬಸ್ಸು ಅದೇ ಪಟ್ಟಿ ಹಿಡಿದುಕೊಂಡು ನರಗುಂದದ ಮೇಲೆ ಹುಬ್ಬಳ್ಳಿಗೆ ಹೋಗಬಹುದಿತ್ತು. ಚಾಲಕರು ಮನೆಯಲ್ಲಿ ಖಾಲಿ ಕುಳಿತಿದ್ದರು, ಬಸ್ಸುಗಳೂ ಡಿಪೋದಲ್ಲಿ ಸಾಲಾಗಿ ನಿಂತಿದ್ದವು.